ಕಪ್ಪು ಟರ್ಮಿನಲ್‌ನಲ್ಲಿ ವಿಮ್: ಏಳು ವರ್ಷ ಬಳಸಿದ ಮೇಲೆ ಅದರ ಬಣ್ಣಗಳ ಬಗ್ಗೆ

ಕೋಡ್, ಸೆಟ್ಟಿಂಗ್ ಫೈಲುಗಳನ್ನು ತಿದ್ದುವ ವಿಮ್ ಎಡಿಟರ್ ಬಳಸಲು ಶುರು ಮಾಡಿ ಏಳು ವರ್ಷ ದಾಟಿತು. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸರ್ವರ್ ನೋಡಿಕೊಳ್ಳುವ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ದಿನಕ್ಕೆ ಏಳೆಂಟು ಗಂಟೆ ಕಪ್ಪು ಟರ್ಮಿನಲ್, ಅಂದರೆ ಟೈಪ್ ಮಾಡಿಯೇ ಆಜ್ಞೆ ಕೊಡುವ ಪರದೆ, ಅದರ ಎದುರೇ ಕೂತಿರುತ್ತೇನೆ. ವಿಮ್ ಎಷ್ಟು ವೇಗ, ಅದರ ಕೀಗಳು ಕೈಗೆ ಕೂರಲು ಎಷ್ಟು ದಿನ ಬೇಕು ಎಂದು ಬರೆದವರು ಬೇಕಾದಷ್ಟು ಇದ್ದಾರೆ. ನಾನು ಹೇಳುವುದು ಬಣ್ಣದ ವಿಷಯ ಮಾತ್ರ.

ಮೊದಲ ವರ್ಷ ಬಣ್ಣವನ್ನು ಮುಟ್ಟಲೇ ಇಲ್ಲ, ಬಂದ ಹಾಗೆ ಬಳಸಿದೆ. ಕಾಮೆಂಟ್ ಸಾಲುಗಳೆಲ್ಲ, ಅಂದರೆ ಓದುವವರಿಗೆಂದು ಫೈಲಿನೊಳಗೆ ಬರೆದಿಡುವ ಟಿಪ್ಪಣಿಗಳೆಲ್ಲ, ಕಪ್ಪಿನ ಮೇಲೆ ಕಡುನೀಲಿ. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಅಲ್ಲೇನೋ ಇದೆ ಎಂದು ಗೊತ್ತಾಗುತ್ತಿತ್ತು. ಒಂದು ರಾತ್ರಿ ಎರಡೂವರೆ ಹೊತ್ತಿಗೆ ಮೇಲ್ ಸರ್ವರ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಒಂದು ಸಂಖ್ಯೆ ಬದಲಿಸಿದೆ. ಅದರ ಮೇಲಿನ ಸಾಲಿನಲ್ಲೇ ನನಗಿಂತ ಮೊದಲು ಆ ಕೆಲಸದಲ್ಲಿದ್ದವರು ಈ ಸಂಖ್ಯೆ ಹೆಚ್ಚಿಸಬೇಡಿ ಎಂದು ಕಾರಣ ಸಮೇತ ಬರೆದಿಟ್ಟಿದ್ದರು. ನನಗೆ ಕಾಣಲಿಲ್ಲ. ನಲವತ್ತು ನಿಮಿಷ ಮೇಲ್ ನಿಂತೇ ಹೋಯಿತು. ಬೆಳಿಗ್ಗೆ ಅದೇ ಫೈಲನ್ನು ಬಿಳಿ ಪರದೆಯಲ್ಲಿ ತೆರೆದೆ. ಆ ಸಾಲು ಎದ್ದು ಕಾಣುತ್ತಿತ್ತು. ನನಗಾಗಿಯೇ ಬರೆದಿಟ್ಟ ಮಾತು ಅದು, ಅಲ್ವಾ? ಆ ಬೇಸರ ಇವತ್ತಿಗೂ ಹೋಗಿಲ್ಲ.

ಹೀಗೇಕೆ ಆಗುತ್ತದೆ ಎಂದು ಆಮೇಲೆ ಕೂತು ಓದಿದೆ. ವಿಮ್ ಹತ್ತಿರ ಎರಡು ಜೊತೆ ಬಣ್ಣ ಇದೆ, ಬಿಳಿ ಹಿನ್ನೆಲೆಗೊಂದು, ಕಪ್ಪು ಹಿನ್ನೆಲೆಗೊಂದು. ಯಾವುದು ಬೇಕೆಂದು ಅದು ಊಹಿಸುತ್ತದೆ. ಟರ್ಮಿನಲ್ ತನ್ನ ಹೆಸರು ಎಕ್ಸ್‌ಟರ್ಮ್ ಎಂದರೆ, ಬೇರೆ ಸುಳಿವು ಸಿಗದಿದ್ದರೆ, ಹಿನ್ನೆಲೆ ಬಿಳಿ ಎಂದುಕೊಳ್ಳುತ್ತದೆ. ಹೊಸ ವಿಮ್ ಹಿನ್ನೆಲೆ ಯಾವ ಬಣ್ಣ ಎಂದು ಟರ್ಮಿನಲ್ಲನ್ನೇ ಕೇಳುತ್ತದೆ. ಆದರೆ ಎಲ್ಲ ಟರ್ಮಿನಲ್‌ಗಳೂ ಉತ್ತರ ಕೊಡುವುದಿಲ್ಲ. ಊಹೆ ತಪ್ಪಿದರೆ ಕಾಮೆಂಟ್ ಕಡುನೀಲಿ. ಹುಡುಕಿದ ಪದ ಇನ್ನೂ ಕಷ್ಟ, ಹಳದಿ ಪಟ್ಟಿಯ ಮೇಲೆ ಬಿಳಿ ಅಕ್ಷರ.

ಓದಲು ಆಗುವುದೋ ಇಲ್ಲವೋ ಎನ್ನುವುದಕ್ಕೆ ಒಂದು ಅಳತೆ ಇದೆ, ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಹೇಳುವ ಕಾಂಟ್ರಾಸ್ಟ್ ಅನುಪಾತ. ಕಪ್ಪಿನ ಮೇಲೆ ಬಿಳಿ ಇಟ್ಟರೆ 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಎಂದು ವೆಬ್ ಪುಟಗಳು ಎಲ್ಲರಿಗೂ ಓದಲು ಬರಲಿ ಎಂದು ಮಾಡಿದ ಡಬ್ಲ್ಯುಸಿಎಜಿ ನಿಯಮ ಹೇಳುತ್ತದೆ. ಕಪ್ಪಿನ ಮೇಲೆ ಶುದ್ಧ ನೀಲಿಗೆ ಸಿಗುವುದು 2.44. ಕಡುನೀಲಿಗೆ ಅದಕ್ಕಿಂತಲೂ ಕಡಿಮೆ. ತಪ್ಪು ನನ್ನ ಕಣ್ಣಿನದಲ್ಲ ಎಂದು ಅವತ್ತು ತಿಳಿಯಿತು.

‘ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್’ ಎಂಬ ಒಂದೇ ಸಾಲನ್ನು ವಿಮ್‌ನ ಸೆಟ್ಟಿಂಗ್ ಇರುವ ವಿಮ್‌ಆರ್‌ಸಿ ಫೈಲಿಗೆ ಹಾಕಿದೆ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯಿತು. ಬೇರೇನೂ ಬೇಡ ಅನ್ನುವವರು ಇದೊಂದನ್ನಾದರೂ ಮಾಡಿ.

ಆಮೇಲೆ ಥೀಮ್‌ಗಳ, ಅಂದರೆ ಯಾರೋ ಸಿದ್ಧ ಮಾಡಿಟ್ಟ ಬಣ್ಣದ ಜೋಡಣೆಗಳ, ಹಿಂದೆ ಬಿದ್ದೆ. 2011ರಲ್ಲಿ ಬಂದ ಸೋಲರೈಸ್ಡ್ ಎಲ್ಲರ ಬಾಯಲ್ಲೂ ಇರುವ ಹೆಸರು. ಎರಡು ವರ್ಷ ಅದನ್ನೇ ಇಟ್ಟುಕೊಂಡಿದ್ದೆ. ಕಣ್ಣಿಗೆ ತಂಪು, ನಿಜ. ಆದರೆ ಅದರ ಕಪ್ಪು ಆವೃತ್ತಿಯಲ್ಲಿ ಕಾಮೆಂಟ್‌ನ ಅನುಪಾತ ಲೆಕ್ಕ ಹಾಕಿದರೆ ಬರುವುದು 2.8. ಈಗ ಬಳಸುವ ಗ್ರುವ್‌ಬಾಕ್ಸ್ ಬೆಚ್ಚಗಿನ ಬಣ್ಣಗಳದ್ದು, ರಾತ್ರಿಗೆ ಬಹಳ ಹಿತ. ಅಲ್ಲೂ ಕಾಮೆಂಟ್ 4ರ ಆಸುಪಾಸು. ಥೀಮ್ ಮಾಡುವವರಲ್ಲಿ ತುಂಬ ಜನ ಕಾಮೆಂಟನ್ನು ಬೇಕೆಂದೇ ಮಂಕು ಮಾಡುತ್ತಾರೆ, ಕೋಡ್ ಎದ್ದು ಕಾಣಲಿ ಎಂದು. ನನಗೆ ಇದು ಒಪ್ಪಿಗೆಯಿಲ್ಲ. ಕೋಡ್ ಯಂತ್ರಕ್ಕೂ ಬೇಕು. ಕಾಮೆಂಟ್ ಬರೆಯುವುದು ಮನುಷ್ಯ ಓದಲಿ ಎಂದೇ. ಅದನ್ನೇ ಮರೆಮಾಡಿದರೆ ಬರೆದದ್ದು ಯಾಕೆ?

ಹಾಗಾಗಿ ಥೀಮ್ ಇಟ್ಟುಕೊಂಡು ಕಾಮೆಂಟ್ ಬಣ್ಣ ಮಾತ್ರ ಬದಲಿಸಿದೆ. 256 ಬಣ್ಣದ ಟರ್ಮಿನಲ್‌ನಲ್ಲಿ 232ರಿಂದ 255ರವರೆಗೆ, ಕಡುವಿನಿಂದ ತಿಳಿಯವರೆಗೆ, 24 ಬೂದು ಬಣ್ಣಗಳಿವೆ. ನಾನು ಆರಿಸಿದ್ದು 248. ‘ಹೈಲೈಟ್ ಕಾಮೆಂಟ್ ಸಿಟರ್ಮ್‌ಎಫ್‌ಜಿ=248’ ಎಂದರೆ ಆಯಿತು. ಗ್ರುವ್‌ಬಾಕ್ಸ್ ಹಿನ್ನೆಲೆಯಲ್ಲಿ ಅನುಪಾತ 6 ದಾಟುತ್ತದೆ. ಕೋಡ್‌ನಿಂದ ಬೇರೆಯಾಗಿಯೂ ಕಾಣುತ್ತದೆ, ಓದಲೂ ಬರುತ್ತದೆ. ಆದರೆ ಈ ಸಾಲನ್ನು ಸುಮ್ನೆ ಎಲ್ಲೋ ಒಂದು ಕಡೆ ಬರೆದರೆ ನಿಲ್ಲುವುದಿಲ್ಲ. ಥೀಮ್ ಲೋಡ್ ಆಗುವಾಗ ನಮ್ಮ ಬಣ್ಣವನ್ನು ಅಳಿಸಿ ತನ್ನದನ್ನು ಹಾಕುತ್ತದೆ. ಇದು ಗೊತ್ತಾಗದೆ ನನ್ನ ಎರಡು ಸಂಜೆ ಹೋಯಿತು. ಕಲರ್‌ಸ್ಕೀಮ್ ಎಂಬ ಆಟೋಕಮಾಂಡ್ (ತಾನಾಗಿ ಓಡುವ ಆಜ್ಞೆ) ಒಳಗೆ ಬರೆದರೆ ಥೀಮ್ ಬಂದ ಮೇಲೆ ಪ್ರತಿ ಸಲವೂ ನಮ್ಮದು ಜಾರಿಯಾಗುತ್ತದೆ.

ಇನ್ನೊಂದು ಜಾಗದಲ್ಲೂ ಎಡವಿದ್ದೇನೆ. ಸುಡೊ ಹಾಕಿ, ಅಂದರೆ ರೂಟ್ ಎಂಬ ಮುಖ್ಯ ಬಳಕೆದಾರನ ಅಧಿಕಾರದಲ್ಲಿ, ವಿಮ್ ತೆರೆದರೆ ಎಷ್ಟೋ ಕಡೆ ರೂಟ್‌ನ ಸೆಟ್ಟಿಂಗ್ ಬರುತ್ತದೆ, ನಮ್ಮದಲ್ಲ. ಮತ್ತೆ ಕಡುನೀಲಿ! ಅಪಾಯದ ಫೈಲುಗಳನ್ನು ತಿದ್ದುವುದು ಹೆಚ್ಚಾಗಿ ಹಾಗೆಯೇ. ಈಗ ‘ಸುಡೊಎಡಿಟ್’ ಬಳಸುತ್ತೇನೆ, ಅದರಲ್ಲಿ ನನ್ನ ಬಣ್ಣಗಳೇ ಉಳಿಯುತ್ತವೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ಬೆಳಕು ತಗ್ಗಿಸಬೇಕಾಗುತ್ತದೆ. ಪೂರ್ತಿ ಬೆಳಕಿನಲ್ಲಿ ಚಂದ ಕಾಣುವ ಎಷ್ಟೋ ಥೀಮ್‌ಗಳು ಅಲ್ಲಿ ಸೋಲುತ್ತವೆ. ಕಾಲು ಭಾಗ ಬೆಳಕಿನಲ್ಲಿ ಕಾಮೆಂಟ್ ಓದಲು ಬಂದರೆ ಮಾತ್ರ ಆ ಥೀಮ್ ನನ್ನ ಹತ್ತಿರ ಉಳಿಯುತ್ತದೆ. ಬಿಸಿಲಿನ ದಿನ ಜಗಲಿಯಲ್ಲಿ ಕೂತರೆ ತೊಂದರೆ ಬೇರೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಕಪ್ಪು ಪರದೆಯಲ್ಲಿ ಕಾಣುವುದು ನನ್ನದೇ ಮುಖ. ಅದಕ್ಕೆ ಎಫ್5 ಒತ್ತಿದರೆ ಹಿನ್ನೆಲೆ ಬಿಳಿಯಾಗುವ ಹಾಗೆ ಮಾಡಿಕೊಂಡಿದ್ದೇನೆ. ಬಿಳಿಯಲ್ಲಿ 248 ಕಾಣುವುದಿಲ್ಲ, ಅಲ್ಲಿಗೆ 240.

ಚಿಕ್ಕಪ್ಪನ ಮಗ ರಜೆಯಲ್ಲಿ ಬಂದಾಗ ನನ್ನ ಪಕ್ಕ ಕೂತು ಕೆಲಸ ಕಲಿಯುತ್ತಾನೆ. ಅವನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ತೋಟದಲ್ಲಿ ಹಣ್ಣಡಿಕೆ ಯಾವುದು, ಕಾಯಡಿಕೆ ಯಾವುದು ಎಂದು ತಟ್ಟನೆ ಹೇಳಲು ಅವನಿಗೆ ಆಗುವುದಿಲ್ಲ. ಎರಡು ಫೈಲ್ ಹೋಲಿಸುವಾಗ ನಾನು ಅಳಿಸಿದ್ದಕ್ಕೆ ಕೆಂಪು, ಸೇರಿಸಿದ್ದಕ್ಕೆ ಹಸಿರು ಇಟ್ಟಿದ್ದೆ. “ಅಣ್ಣಾ, ಇದರಲ್ಲಿ ಹೋದದ್ದು ಯಾವುದು, ಬಂದದ್ದು ಯಾವುದು?” ಎಂದು ಕೇಳಿದ. ಅವತ್ತೇ ನೀಲಿ ಮತ್ತು ಕಿತ್ತಳೆ ಪಟ್ಟಿಗೆ ಬದಲಿಸಿದೆ. ಮೇಲಿನ ಅಕ್ಷರಗಳಿಗೆಲ್ಲ ಒಂದೇ ಬಿಳಿ. ಈಗ ನನಗೂ ಅದೇ ಸಲೀಸು.

ಕನ್ನಡದಲ್ಲಿ ಕಾಮೆಂಟ್ ಬರೆಯುವ ಆಸೆ ಮಾತ್ರ ಅರ್ಧಕ್ಕೇ ನಿಂತಿದೆ. ಟರ್ಮಿನಲ್ ಪರದೆಯನ್ನು ಸಮ ಅಗಲದ ಚೌಕಗಳಾಗಿ ಹಂಚುತ್ತದೆ. ನಮ್ಮ ಒತ್ತಕ್ಷರ ಅದರೊಳಗೆ ಸರಿಯಾಗಿ ಕೂರುವುದಿಲ್ಲ, ಬಣ್ಣ ಎಷ್ಟೇ ಚೆನ್ನಾಗಿದ್ದರೂ. ಕೂತಲ್ಲೂ ಒತ್ತಿನ ಗೆರೆ ಸಣ್ಣದು, 248ರಲ್ಲಿ ಮಸುಕಾಗುತ್ತದೆ. ಹಾಗೆ ಕನ್ನಡ ಇರುವ ಫೈಲುಗಳಿಗೆ ಅಕ್ಷರ ಎರಡು ಪಾಯಿಂಟ್ ದೊಡ್ಡದು ಮಾಡಿ, ಕಾಮೆಂಟ್ ಬಣ್ಣವನ್ನು 252ಕ್ಕೆ ಏರಿಸಿ ಓದುತ್ತಿದ್ದೇನೆ.