ಮ್ಯಾಜಿಕ್ ಆಟಕ್ಕೆ ಹೊಸಬರೇ? ಡೆಕ್ ಕೊಳ್ಳುವ ಮೊದಲು ಪ್ರೀರಿಲೀಸ್‌ಗೆ ಹೋಗಿ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟ ಕಲಿಯಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಒಂದು ಸಿದ್ಧ ಡೆಕ್ (ಆಡುವ ಕಾರ್ಡುಗಳ ಕಟ್ಟು) ಕೊಳ್ಳುತ್ತಾರೆ, ಆಮೇಲೆ ಅದನ್ನು ಯಾರ ಜೊತೆ ಆಡುವುದೆಂದು ಹುಡುಕುತ್ತಾರೆ. ಮೊದಲು ಸಿಗಬೇಕಾದ್ದು ಜನ, ಡೆಕ್ ಆಮೇಲಿನ ಮಾತು. ಜನ ಸಿಗುವುದಕ್ಕೆ, ಆಟ ತಯಾರಿಸುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಮಾರುವ ಡಬ್ಬಗಳಲ್ಲೆಲ್ಲ ಪ್ರೀರಿಲೀಸ್ ಕಿಟ್ಟೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೊಸ ಸೆಟ್, ಅಂದರೆ ಹೊಸ ಕಾರ್ಡುಗಳ ಕಂತು, ಮಾರುಕಟ್ಟೆಗೆ ಬರುವ ಒಂದು ವಾರ ಮುಂಚೆ, ಶುಕ್ರವಾರದಿಂದ, ಆಟದ ಅಂಗಡಿಗಳಲ್ಲಿ ಪ್ರೀರಿಲೀಸ್ ನಡೆಯುತ್ತದೆ. ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ಒಂದೊಂದು ಕಿಟ್. ಅದರಲ್ಲಿ ಸಾಮಾನ್ಯವಾಗಿ ಆರು ಪ್ಲೇ ಬೂಸ್ಟರ್ (ಕಾರ್ಡುಗಳ ಮುಚ್ಚಿದ ಪೊಟ್ಟಣ), ವರ್ಷದ ಮುದ್ರೆ ಇರುವ, ಹೊಳೆಯುವ ಒಂದು ಫಾಯಿಲ್ ಕಾರ್ಡು, ಇಪ್ಪತ್ತು ಮುಖದ ಒಂದು ದಾಳ ಇರುತ್ತವೆ. ಒಂದು ಬೂಸ್ಟರ್‌ನಲ್ಲಿ 14 ಕಾರ್ಡು, ಅಂದರೆ ಒಟ್ಟು 84. ಫಾಯಿಲ್ ಕಾರ್ಡನ್ನೂ ಆಟಕ್ಕೆ ಬಳಸಬಹುದು. ಇಷ್ಟರಲ್ಲೇ 40 ಕಾರ್ಡಿನ ಡೆಕ್ ಕಟ್ಟಬೇಕು. ಉಳಿದ ಕಾರ್ಡು ಆಡಲು ಬೇಕಾದ ಶಕ್ತಿ, ಅಂದರೆ ಮಾನಾ, ಕೊಡುವ ಸಾದಾ ಲ್ಯಾಂಡ್ ಕಾರ್ಡುಗಳನ್ನು ಬೇಕಾದಷ್ಟು ಅಂಗಡಿಯವರೇ ಕೊಡುತ್ತಾರೆ.

1993ರಲ್ಲಿ ಶುರುವಾದ ಆಟ ಇದು. ಹಳಬರ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಕಾರ್ಡಿರುತ್ತವೆ. ಬೇರೆ ದಿನ ಹೋದರೆ ಹೊಸಬರು ಅದರೆದುರು ಸೋತು ಸುಮ್ಮನಾಗುತ್ತಾರೆ. ಪ್ರೀರಿಲೀಸ್ ದಿನ ಆ ಪೆಟ್ಟಿಗೆಗಳು ಲೆಕ್ಕಕ್ಕಿಲ್ಲ. ಹತ್ತು ವರ್ಷ ಆಡಿದವರೂ ಹೊಸ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು ಓದುತ್ತಿರುತ್ತಾರೆ. 'ಇದು ಏನು ಮಾಡುತ್ತೆ?' ಎಂದು ಕೇಳುವುದು ಅಲ್ಲಿ ಅಜ್ಞಾನವಲ್ಲ, ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ಮಾತು ಶುರುವಾಗುವುದು ಅಲ್ಲಿಂದಲೇ.

ಡೆಕ್ ಕಟ್ಟುವುದಕ್ಕೆ ಒಂದು ಗಂಟೆಯ ಆಸುಪಾಸು ಸಮಯ ಸಿಗುತ್ತದೆ. ಮೊದಲು ಬಣ್ಣಕ್ಕೊಂದು ಗುಡ್ಡೆ ಮಾಡಿ. ಪ್ರತಿ ಗುಡ್ಡೆಯಿಂದ ಎದುರಾಳಿಯ ಕ್ರೀಚರ್ (ದಾಳಿ ಮಾಡುವ, ದಾಳಿ ತಡೆಯುವ ಜೀವಿಯ ಕಾರ್ಡು) ತೆಗೆದುಹಾಕುವ ಕಾರ್ಡುಗಳನ್ನೂ, ಒಂಟಿಯಾಗಿ ಆಟ ಗೆಲ್ಲಿಸಬಲ್ಲ ದೊಡ್ಡ ಕಾರ್ಡುಗಳನ್ನೂ ಮೇಲಕ್ಕೆ ತನ್ನಿ. ಅವು ಹೆಚ್ಚಿರುವ ಎರಡು ಬಣ್ಣ ಆರಿಸಿಕೊಳ್ಳಿ. 17 ಲ್ಯಾಂಡ್, 23 ಉಳಿದವು, ಆ 23ರಲ್ಲಿ ಸುಮಾರು 15 ಕ್ರೀಚರ್ ಇದ್ದರೆ ಡೆಕ್ ನಿಲ್ಲುತ್ತದೆ. ಆರಿಸಿದ ಮೇಲೆ ಕಾರ್ಡುಗಳನ್ನು ಆಡಲು ಬೇಕಾದ ಮಾನಾದ ಪ್ರಕಾರ ಸಾಲಾಗಿ ಜೋಡಿಸಿ ನೋಡಿ. ಎರಡು, ಮೂರು ಮಾನಾದ ಸಾಲು ಉದ್ದ ಇರಬೇಕು, ಆರರ ಸಾಲು ಗಿಡ್ಡ ಇರಬೇಕು. ಹೊಸಬರು ಕೆಡುವುದು ಸಾಮಾನ್ಯವಾಗಿ ಇಲ್ಲೇ. ಚೆಂದದ ಅಪರೂಪದ ಕಾರ್ಡುಗಳನ್ನೆಲ್ಲ ಸೇರಿಸಲು ಹೋಗಿ ಮೂರು ಬಣ್ಣ ಮಾಡಿಕೊಳ್ಳುತ್ತಾರೆ, ಜಾಗ ಸಾಲದೆಂದು ಲ್ಯಾಂಡ್‌ಗಳನ್ನು 15ಕ್ಕೆ ಇಳಿಸುತ್ತಾರೆ. ಆಮೇಲೆ ಬೇಕಾದ ಬಣ್ಣದ ಮಾನಾ ಬರದೆ ಕೈತುಂಬ ಕಾರ್ಡು ಹಿಡಿದು ಕೂರುವುದೇ ಆಗುತ್ತದೆ.

ಅನುಮಾನ ಬಂದರೆ ಪಕ್ಕದಲ್ಲಿ ಕೂತವರಿಗೆ 'ಇದನ್ನೊಂದು ಸಲ ನೋಡ್ತೀರಾ?' ಎನ್ನಿ. ಪ್ರೀರಿಲೀಸ್‌ನಲ್ಲಿ ಇದಕ್ಕೆ ಯಾರೂ ಬೇಸರಪಡುವುದಿಲ್ಲ. ಪ್ರತಿ ಪಂದ್ಯ ಮುಗಿದ ಮೇಲೂ ಹೀಗೇ ಮಾಡಿ: ಎದುರಾಳಿಯ ಮುಂದೆ ನಿಮ್ಮ ಡೆಕ್ ಜೊತೆಗೆ, ನೀವು ಹೊರಗೆ ಬಿಟ್ಟ ಕಾರ್ಡುಗಳನ್ನೂ ಹರಡಿ. 'ಅಯ್ಯೋ, ಇದನ್ನ ಯಾಕೆ ಬಿಟ್ರಿ?' ಎಂದು ಅವರು ಒಂದನ್ನು ಎತ್ತಿ ತೋರಿಸುತ್ತಾರೆ. ಸುತ್ತುಗಳ ನಡುವೆ ಡೆಕ್ ಬದಲಿಸಲು ಅವಕಾಶ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಂಡರೆ ಆ ಸಲಹೆ ಮುಂದಿನ ಸುತ್ತಿಗೇ ಕೆಲಸಕ್ಕೆ ಬರುತ್ತದೆ.

ಪಂದ್ಯಗಳು ಸ್ವಿಸ್ ಪದ್ಧತಿಯವು. ಸೋತವರು ಹೊರಬೀಳುವುದಿಲ್ಲ, ಹೆಚ್ಚುಕಡಿಮೆ ಅಷ್ಟೇ ಗೆದ್ದವರ ಎದುರು ಕೂರುತ್ತಾರೆ. ಎರಡು ಸುತ್ತು ಸೋತವರಿಗೆ ಮೂರನೆಯದರಲ್ಲಿ ಸಿಗುವುದು ತಮ್ಮಂತೆಯೇ ಕಲಿಯುತ್ತಿರುವವರು. ಗೆಳೆತನ ಹೆಚ್ಚು ಕುದುರುವುದು ಇಂಥ ಕೆಳಗಿನ ಮೇಜುಗಳಲ್ಲಿ, ಅದಕ್ಕೇ ಸೋತೆವೆಂದು ಅರ್ಧಕ್ಕೆ ಎದ್ದು ಹೋಗಬೇಡಿ. ಒಂದು ಸುತ್ತಿಗೆ 50 ನಿಮಿಷ, ಮೂರು ಆಟದಲ್ಲಿ ಎರಡು ಗೆದ್ದವರದು ಪಂದ್ಯ. ಒಬ್ಬರೇ ಹೋಗಲು ಅಳುಕಿದ್ದರೆ 'ಟೂ ಹೆಡೆಡ್ ಜಯಂಟ್' ನಡೆಸುವ ಅಂಗಡಿ ಹುಡುಕಿ. ಇಬ್ಬರದು ಒಂದು ತಂಡ, ಇಬ್ಬರಿಗೂ ಸೇರಿ 30 ಲೈಫ್ (ಇದು ಸೊನ್ನೆಗಿಳಿದರೆ ಸೋಲು), ಸಿಕ್ಕ ಕಾರ್ಡುಗಳನ್ನು ಒಟ್ಟಿಗೆ ಹರಡಿಕೊಂಡು ಎರಡು ಡೆಕ್ ಕಟ್ಟುವುದು. ಜೊತೆಗಾರರಿಲ್ಲದವರು ಅಂಗಡಿಯವರಿಗೆ ಹೇಳಿದರೆ ಜೋಡಿ ಮಾಡಿಕೊಡುವುದೂ ಉಂಟು.

ಕಿಟ್‌ನಲ್ಲಿ ಕೊರತೆಗಳಿವೆ. ಸ್ಲೀವ್ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಹೊದಿಕೆ) ಇರುವುದಿಲ್ಲ. ಕಾರ್ಡಿನ ಅಳತೆ 63×88 ಮಿಲಿಮೀಟರ್. ಸ್ಟ್ಯಾಂಡರ್ಡ್ ಅಳತೆಯ, ಹಿಂಬದಿ ಒಂದೇ ಬಣ್ಣದ 50 ಸ್ಲೀವ್ ಒಯ್ಯಿರಿ. ಇದು ಕಾರ್ಡು ಮಾಸದಿರಲಿ ಎಂದಷ್ಟೇ ಅಲ್ಲ. ಫಾಯಿಲ್ ಕಾರ್ಡಿನ ಕಾಗದ ತೇವ ಹೀರುತ್ತದೆ, ಮೇಲಿನ ಹೊಳಪಿನ ಪದರ ಹೀರುವುದಿಲ್ಲ, ಹಾಗಾಗಿ ಕಾರ್ಡು ಬಾಗುತ್ತದೆ. ಮಂಗಳೂರಿನಂಥ ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಕಾಣಿಸುತ್ತದೆ. ಡೆಕ್‌ನ ನಡುವೆ ಬಾಗಿದ ಒಂದು ಕಾರ್ಡು ಗುರುತು ಮಾಡಿದ ಕಾರ್ಡಿನ ಹಾಗೆಯೇ, ಎದುರಾಳಿ ಆಕ್ಷೇಪಿಸಿದರೆ ತಪ್ಪಲ್ಲ. ದಾಳವೂ ಅಷ್ಟೇ: ಅಂಕಿಗಳು ಒಂದರ ಪಕ್ಕ ಒಂದು ಸರದಿಯಲ್ಲಿವೆ, ಲೈಫ್ ಎಣಿಸಲು ಮಾಡಿದ್ದು. ಯಾರು ಮೊದಲು ಎಂದು ತೀರ್ಮಾನಿಸಲು ಅದನ್ನು ಉರುಳಿಸಬೇಡಿ, ದೊಡ್ಡ ಅಂಕಿಗಳೆಲ್ಲ ಒಂದೇ ಕಡೆ ಇವೆ. ಲೈಫ್ ಎಣಿಕೆಗೂ ಪೆನ್ನು, ಕಾಗದವೇ ಮೇಲು. ಮೊಣಕೈ ತಗುಲಿ ದಾಳ ಹೊರಳಿದರೆ ಹಿಂದಿನ ಲೆಕ್ಕ ಯಾರಿಗೂ ನೆನಪಿರುವುದಿಲ್ಲ.

ಅಂಗಡಿ ಆರಿಸುವಾಗ ಬಹುಮಾನದ ಕ್ರಮ ವಿಚಾರಿಸಿ. ಗೆದ್ದ ಪ್ರತಿ ಪಂದ್ಯಕ್ಕೆ ಇಷ್ಟು ಪ್ಯಾಕ್ ಎಂದು ಹಂಚುವ ಕಡೆ ವಾತಾವರಣ ಹಗುರವಾಗಿರುತ್ತದೆ. ಎಲ್ಲವೂ ಮೊದಲ ಇಬ್ಬರಿಗೇ ಹೋಗುವ ಕಡೆ ಜನ ಬಿಗಿಯಾಗಿ ಆಡುತ್ತಾರೆ, ಹೊಸಬರಿಗೆ ವಿವರಿಸುವ ತಾಳ್ಮೆ ಕಡಿಮೆ. ಕಾರ್ಡು ಅದಲುಬದಲು ಮಾತ್ರ ಕೊನೆಯ ಸುತ್ತು ಮುಗಿದ ಮೇಲೆ ಮಾಡಿ. ಆ ವಾರ ಬೆಲೆಗಳು ಇನ್ನೂ ಏರಿಳಿಯುತ್ತಿರುತ್ತವೆ, ಹೊಸಬರು ಅಪರೂಪದ್ದನ್ನು ಅಲ್ಲೇ ಕೊಟ್ಟುಬಿಡದೆ ಎರಡು ವಾರ ಕಾಯುವುದು ಲೇಸು.

ಒಳ್ಳೆಯ ಕಾರ್ಡಷ್ಟೇ ಬೇಕು, ಆಡುವ ಆಸೆ ಇಲ್ಲ ಎನ್ನುವವರಿಗೆ ಈ ಕಿಟ್ ದಂಡ. ಅವರು ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಂಡರೆ ಅಗ್ಗ.