ಪದ್ಮಿನಿಯ ಡೋರ್ ಪ್ಯಾಡ್ ಕ್ಲಿಪ್: ಆನ್‌ಲೈನ್‌ದೋ, ಗುಜರಿಯದೋ?

ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಗುಜರಿ ಕ್ಲಿಪ್ಪಿಗೆ. ಆನ್‌ಲೈನ್‌ನಲ್ಲಿ ತರಿಸಿದ 100 ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ 80ಕ್ಕಿಂತ ಜಾಸ್ತಿ ಇನ್ನೂ ಡಬ್ಬಿಯಲ್ಲೇ ಬಿದ್ದಿವೆ.

ಕಾರು 1986ರ ಪ್ರೀಮಿಯರ್ ಪದ್ಮಿನಿ. ಟಿಂಕರಿಂಗ್, ಪೇಂಟು ಎಲ್ಲ ಹುಬ್ಬಳ್ಳಿಯಲ್ಲೇ ಸಲೀಸಾಗಿ ಆಯಿತು. ನಾನು ಸಿಕ್ಕಿಹಾಕಿಕೊಂಡಿದ್ದು ಬಾಗಿಲ ಒಳಗಡೆಯ ರೆಕ್ಸಿನ್ ಪ್ಯಾಡ್ ಹಿಡಿದಿಡುವ ಕ್ಲಿಪ್ಪಿನಲ್ಲಿ. ಉಗುರಿನಷ್ಟು ಸ್ಪ್ರಿಂಗ್ ತಗಡು, ಅಷ್ಟೇ. ಹಳೆಯವನ್ನು ನಾನೇ ಸ್ಕ್ರೂಡ್ರೈವರ್ ಹಾಕಿ ಮೀಟಿ ಅರ್ಧಕ್ಕರ್ಧ ಹಾಳು ಮಾಡಿದ್ದೆ. ಪದ್ಮಿನಿ ತಯಾರಾಗುವುದು ನಿಂತು 20 ವರ್ಷದ ಮೇಲಾಯಿತು. ಹೊಸದು ಎಲ್ಲಿಂದ ಬರಬೇಕು?

350 ರೂಪಾಯಿ ಕೊಟ್ಟು ಪ್ಲಾಸ್ಟಿಕ್‌ದು ತರಿಸಿದೆ. ‘ಎಲ್ಲ ಕಾರಿಗೂ ಆಗುತ್ತೆ’ ಅಂತ ಬರೆದಿತ್ತು. ಕ್ಲಿಪ್ಪಿನ ಕಾಲು ಬಾಗಿಲ ತೂತಿಗೆ ಸರಿಯಾಗಿಯೇ ಇಳಿಯಿತು. ತಕರಾರು ಬಂದಿದ್ದು ಕತ್ತಿನಲ್ಲಿ. ಕ್ಲಿಪ್ಪಿನ ಎರಡು ಬಿಲ್ಲೆಗಳ ನಡುವೆ ಪ್ಯಾಡಿನ ಹಾರ್ಡ್‌ಬೋರ್ಡ್ ಕೂರಬೇಕು ಅಲ್ವಾ? ಅಲ್ಲಿ ಜಾಗ 2 ಮಿ.ಮೀ. ಇತ್ತು. ನಾನು ಹೊಸದಾಗಿ ಕತ್ತರಿಸಿ ಹಾಕಿದ್ದ ಬೋರ್ಡು 3 ಮಿ.ಮೀ., ಅದರ ಮೇಲೆ ಅಂಚಿಗೆ ಮಡಚಿ ಅಂಟಿಸಿದ ರೆಕ್ಸಿನ್ ಬೇರೆ.

ಬೋರ್ಡಿನ ಹಿಂಬದಿಯನ್ನೇ ಎಮರಿ ಪೇಪರಿನಲ್ಲಿ ಉಜ್ಜಿ ತೆಳ್ಳಗೆ ಮಾಡಿದೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಕ್ಲಿಪ್ಪೇನೋ ಕೂತಿತು. ಆದರೆ ಪ್ಯಾಡು ಬಾಗಿಲಿಗೆ ಅಂಟಿಕೊಳ್ಳದೆ ಬೆರಳು ತೂರುವಷ್ಟು ಎದ್ದು ನಿಂತಿತು. ಧಾರವಾಡದ ಕಡೆ ಹೊರಟರೆ ಉಣಕಲ್ಲಿನಲ್ಲಿ ಸಣ್ಣಗೆ ಶುರುವಾದ ಟಕಟಕ, ನವನಗರ ದಾಟುವಷ್ಟರಲ್ಲಿ ಮಾತು ಕೇಳಿಸದಷ್ಟಾಯಿತು. ಸಿಟ್ಟಿನಲ್ಲಿ ಅಂಗೈಯಿಂದ ಗುದ್ದಿದೆ. ಉಜ್ಜಿ ತೆಳ್ಳಗಾಗಿದ್ದ ಜಾಗದಲ್ಲೇ ಬೋರ್ಡು ಹರಿದು ತೂತು ಬಾಯಿ ಬಿಟ್ಟಿತು. ಹೊಸ ಬೋರ್ಡು, ಹೊಸ ರೆಕ್ಸಿನ್, ಮತ್ತೆ ಮೊದಲಿನಿಂದ.

ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಕ್ಲಿಪ್ ಮಾಡಿಸಿಯೂ ನೋಡಿದೆ. ಸಾದಾ ತಗಡು, ಒಮ್ಮೆ ಒತ್ತಿದರೆ ಒತ್ತಿದಂತೆಯೇ ಉಳಿಯಿತು. ಸ್ಪ್ರಿಂಗ್ ಸ್ಟೀಲ್ ಬಗ್ಗಿಸಿ ಹದ ಹಾಕಬೇಕೆಂದರೆ 500 ಪೀಸಾದರೂ ಬೇಕಂತೆ. ನನಗೆ 500 ಯಾಕೆ?

ಕೊನೆಗೆ ಹಳೇ ಹುಬ್ಬಳ್ಳಿ ಕಡೆಯ ಗುಜರಿಗೆ ಹೋದೆ. “ಏನ್ರಿ ಸರ, ಕಾರ್ ಬಿಟ್ಟು ಕ್ಲಿಪ್ ಕೇಳಾಕತ್ತೀರಲ್ಲ?” ಅಂತ ಗುಜರಿಯವ ನಕ್ಕು, ಗೋಡೆಗೆ ಆನಿಸಿಟ್ಟ ಬಾಗಿಲುಗಳನ್ನು ತೋರಿಸಿದ. ಪ್ಯಾಡು ಯಾರೋ ಎಂದೋ ಕಿತ್ತಿದ್ದರು, ಕ್ಲಿಪ್ಪುಗಳು ಮಾತ್ರ ತೂತಿನಲ್ಲೇ ಕಚ್ಚಿಕೊಂಡು ಕೂತಿದ್ದವು. ಹತ್ತು ರೂಪಾಯಿಗೆ ಐದು, ಕೀಳುವ ಕೆಲಸ ನನ್ನದೇ.

ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ ತಂತಿ ಬ್ರಶ್ಶಿನಿಂದ ತಿಕ್ಕಿದೆ. ಎರಡು ಬೆರಳಲ್ಲಿ ಒತ್ತಿ ಬಿಟ್ಟಾಗ ಟಪ್ಪಂತ ತೆರೆದುಕೊಂಡರೆ ಒಳ್ಳೆಯದು, ಸುಮ್ನೆ ಮುದುಡಿ ಕೂತರೆ ಎಸೆಯೋದು. ಆರಿಸಿದವಕ್ಕೆ ರೆಡ್ ಆಕ್ಸೈಡ್ ಸವರಿ, ಒಣಗಿದ ಮೇಲೆ ಕಾಲಿಗೆ ಚೂರು ಗ್ರೀಸ್ ಹಚ್ಚಿದೆ. ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಇಲ್ಲದಿದ್ದರೆ ಮತ್ತೆ ತುಕ್ಕು. ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಕಿದ್ದೇನೆ.

ಭಾನುವಾರ ಕೈ ಕೊಳೆ ಮಾಡಿಕೊಳ್ಳುವುದು ನನಗೆ ಇಷ್ಟ, ಜೇಬೂ ಸಣ್ಣದು. ಅದಕ್ಕೇ ಗುಜರಿ. ಅಷ್ಟು ಪುರುಸೊತ್ತು ಇಲ್ಲದವರು ಪ್ಲಾಸ್ಟಿಕ್‌ದೇ ತಗೊಳ್ಳಿ, ಆದರೆ ಮೊದಲು ಕತ್ತು ಅಳೆಯಿರಿ. ಡ್ರೈವರ್ ಬಾಗಿಲ ಕೆಳಮೂಲೆಯಲ್ಲಿ ನಾನೂ ಒಂದು ಪ್ಲಾಸ್ಟಿಕ್ ಕ್ಲಿಪ್ ಉಳಿಸಿಕೊಂಡಿದ್ದೇನೆ. ಅಲ್ಲಿ ತೂತು ಸವೆದು ದೊಡ್ಡದಾಗಿದೆ, ಸ್ಟೀಲಿನದು ನಿಲ್ಲುವುದೇ ಇಲ್ಲ.