ಬೆಂಕಿ ನಿರೋಧಕ ಎಂದು ಮಾರುವ ಬಿಳಿ ಪುಡಿ: ಪಂಪಿನ ಕಡೆಯ ತುದಿಯನ್ನು ಸುಟ್ಟು ನೋಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಘಟಕ ನಡೆಸುವವರು ಇದನ್ನು ಓದಲೇಬೇಕು. ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ಕಾರ್ಬನ್ ಫೈಬರ್ ಹಲಗೆ ಬೇಕೆಂದು ನಮಗೊಂದು ಆರ್ಡರ್ ಬಂತು. ಬೆಂಕಿ ತಗುಲಿದರೆ ತಾನಾಗಿ ಆರಬೇಕು ಎಂಬುದು ಷರತ್ತು. ವ್ಯಾಪಾರಿಯೊಬ್ಬ ಎಪಾಕ್ಸಿ ರೆಸಿನ್ (ಎಳೆಗಳನ್ನು ಹಿಡಿದಿಟ್ಟು ಗಟ್ಟಿಯಾಗುವ ಅಂಟು) ಜೊತೆ ಬಿಳಿ ಪುಡಿಯ ಚೀಲ ಕಳುಹಿಸಿ, ‘ಕಲಸಿ, ವ್ಯಾಕ್ಯೂಮ್ ಪಂಪಿನಿಂದ ಕಾರ್ಬನ್ ಬಟ್ಟೆಯೊಳಗೆ ಎಳೆಯಿರಿ, ವಿ-0 ದರ್ಜೆ ಖಚಿತ’ ಎಂದು ಪ್ರಮಾಣಪತ್ರವನ್ನೂ ಲಗತ್ತಿಸಿದ. ಯುಎಲ್ 94 ಎಂಬ ಬೆಂಕಿ ಪರೀಕ್ಷೆಯ ಮಾನದಂಡದಲ್ಲಿ ಬೇಗನೆ ತಾನಾಗಿ ಆರುವ ಮಾಲಿಗೆ ಸಿಗುವ ದರ್ಜೆ ಈ ವಿ-0.

ಕಾರ್ಬನ್ ಎಳೆ ಸುಲಭಕ್ಕೆ ಉರಿಯುವುದಿಲ್ಲ. ಉರಿಯುವುದು ಅದನ್ನು ಹಿಡಿದಿಟ್ಟ ಎಪಾಕ್ಸಿ. 300 ಡಿಗ್ರಿಯ ಆಚೆ ಅದು ಒಡೆದು, ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಪುಡಿ ಅಲ್ಯೂಮಿನಿಯಂ ಟ್ರೈಹೈಡ್ರೇಟ್. ಸುಮಾರು 200 ಡಿಗ್ರಿ ದಾಟಿದ ಮೇಲೆ ನೀರಾವಿ ಬಿಟ್ಟು ಉರಿ ತಗ್ಗಿಸುತ್ತದೆ. ಇದು ನಿಜವೇ, ಪುಡಿ ಇರುವ ಜಾಗದಲ್ಲಿ ಮಾತ್ರ.

ಒತ್ತಾಗಿ ನೇಯ್ದ ಕಾರ್ಬನ್ ಬಟ್ಟೆ ಆ ಪುಡಿಯನ್ನು ಜರಡಿಯಂತೆ ತಡೆದುಬಿಟ್ಟಿತು. ರೆಸಿನ್ ಒಳಬರುವ ಕೊಳವೆಯ ಬಳಿ ಹಲಗೆ ಬೂದುಬಣ್ಣಕ್ಕೆ ತಿರುಗಿತ್ತು. ಪಂಪಿನ ಕಡೆಯ ತುದಿ ಪುಡಿಯೇ ತಲುಪದೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ವ್ಯಾಪಾರಿಯ ಕಡೆಯವನು ಬಂದು ಆ ಮಿಂಚನ್ನು ಬಾಯ್ತುಂಬ ಹೊಗಳಿದ, ಪರೀಕ್ಷೆಯ ಪಟ್ಟಿಯನ್ನು ಮಾತ್ರ ಬೂದು ತುದಿಯಿಂದ ಕತ್ತರಿಸಿದ. ಅದು ಆರಿತು. ಗಿರಾಕಿಯವರು ಇನ್ನೊಂದು ತುದಿಯಿಂದ ಕತ್ತರಿಸಿದರು.

ವಿ-0 ಪರೀಕ್ಷೆಯಲ್ಲಿ ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, ಕೆಳಗಿನಿಂದ 10 ಸೆಕೆಂಡು ಜ್ವಾಲೆ ಹಿಡಿದು ತೆಗೆದ ಮೇಲೆ 10 ಸೆಕೆಂಡಿನೊಳಗೆ ಆರಬೇಕು, ಎರಡು ಸಲವೂ. ನಮ್ಮದು ಮೊದಲ ಸಲವೇ ಕರಿಹೊಗೆ ಉಗುಳುತ್ತ ಹಿಡಿಕೆಯವರೆಗೂ ಉರಿಯಿತು. ಉಳಿದದ್ದು ಬರಿಯ ಬಟ್ಟೆ. ಮುಟ್ಟಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. (ಸುಟ್ಟ ಎಳೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಾಸ್ಕ್ ಇಲ್ಲದೆ ಗುಡಿಸಬೇಡಿ. ಅವು ವಿದ್ಯುತ್ ಹರಿಸುತ್ತವೆ, ಪ್ಯಾನೆಲ್ ಬೋರ್ಡಿನೊಳಗೆ ಹಾರಿ ಕೂತರೆ ಶಾರ್ಟ್ ಸರ್ಕ್ಯೂಟ್ ಆದೀತು.)

ಪ್ರಮಾಣಪತ್ರವಾದರೂ ನಮ್ಮ ಹಲಗೆಯದಲ್ಲ. ಎಳೆಯೇ ಇಲ್ಲದ, 3 ಮಿ.ಮೀ. ದಪ್ಪದ ರೆಸಿನ್ ಎರಕದ್ದು. ನಮ್ಮ ಹಲಗೆ ಒಂದೂವರೆ ಮಿ.ಮೀ. ಯುಎಲ್ 94 ದರ್ಜೆ ಅನ್ವಯಿಸುವುದು ಪರೀಕ್ಷೆ ಮಾಡಿದ ದಪ್ಪಕ್ಕೆ. ತೆಳುವಾದಷ್ಟೂ ಪಾಸಾಗುವುದು ಕಷ್ಟ. ವ್ಯಾಪಾರಿಗೆ ಫೋನ್ ಮಾಡಿದರೆ, ‘ನಿಮ್ಮ ಹುಡುಗರು ಸರಿಯಾಗಿ ಕಲಸಿಲ್ಲ’ ಎಂಬ ಉತ್ತರ. ದುಡ್ಡಿನ ಮಾತೆತ್ತಿದ ಮೇಲೆ ಅದೂ ಇಲ್ಲ.

ಇನ್ನು ಕೆಲವರು ಅದೇ ಯುಎಲ್ 94ರ ಎಚ್‌ಬಿ ದರ್ಜೆಯ ಮಾಲನ್ನೂ ಬೆಂಕಿ ನಿರೋಧಕವೆಂದೇ ಮಾರುತ್ತಾರೆ. ಅಡ್ಡಲಾಗಿ ಹಿಡಿದಾಗ ನಿಧಾನವಾಗಿ ಉರಿದರೂ ಆ ದರ್ಜೆ ಸಿಗುತ್ತದೆ. ಪಂಪಿನಿಂದ ರೆಸಿನ್ ಎಳೆಯುವವರು ಪುಡಿಯ ಗೊಡವೆಗೆ ಹೋಗದೆ, ರಂಜಕದ ಅಂಶ ರೆಸಿನ್‌ನಲ್ಲೇ ಕರಗಿ ಬೆರೆತಿರುವ ಮಾಲನ್ನು ಕೇಳಿ. ಮುಂಗಡ ಕೊಡುವ ಮೊದಲು ನಿಮ್ಮದೇ ದಪ್ಪದ ಹಲಗೆ ಮಾಡಿಸಿ, ಎರಡೂ ತುದಿಯ ಪಟ್ಟಿಗಳನ್ನು ನಿಮ್ಮ ಕಣ್ಣೆದುರೇ ಸುಡಿಸಿ.